ಚಿತ್ತು ಕಾಟಿಲ್ಲದ ಹಾಳೆ

ನವೆಂಬರ್ ೧೮, ಮಂಗಳವಾರ

ದೊಡ್ಡವರ ಸಂಜೆ ತರಗತಿಯಲ್ಲಿ ಬರವಣಿಗೆ ಕಲಿಸುವ ಮೇಷ್ಟ್ರು ನನ್ನ ಬರಹವನ್ನು ಓದಿ, ಮಡಚಿ ಪಕ್ಕಕ್ಕಿಟ್ಟರು. ಅದೇ ಕೊರೆಯುತ್ತಿದೆ. ಕೆಲವರು ಎಐ ಹತ್ತಿರ ಬರೆಸಿಕೊಂಡು ಬರುತ್ತಾರೆಂದು ಈಗ ಹೊಸ ನಿಯಮ: ಚಿತ್ತು ಮಾಡಿದ ಹಾಳೆಗಳನ್ನೂ ಜೊತೆಗೆ ಕೊಡಬೇಕು.

"ಚಿತ್ತು ಹಾಳೆ ಎಲ್ಲಮ್ಮಾ?"

"ಹರಿದುಹಾಕ್ಬಿಟ್ಟೆ ಸಾರ್."

"ಎಲ್ಲಾನೂ?"

ಹಿಂದಿನ ಬೆಂಚಿನ ಡ್ರೈವರಣ್ಣ, "ಅಕ್ಕ ಆಸ್ಪತ್ರೆ ನೆಲ ಒರೆಸೋರು ಸಾರ್, ಕಸ ಇಟ್ಕೊಳ್ಳಲ್ಲ" ಅಂದ. ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ.

ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ನನ್ನ ತಪ್ಪು ಯಾರಾದರೂ ನೋಡಿದರೆ ನಾಚಿಕೆ. ಅಮ್ಮ ತೀರಿಕೊಂಡ ರಾತ್ರಿಯ ಬಗ್ಗೆ ಒಂಬತ್ತು ಸಲ ಬರೆದು, ಎಂಟನ್ನು ಹರಿದು, ಕೊನೆಯದನ್ನು ದುಂಡಗೆ ಬರೆದು ಕೊಟ್ಟಿದ್ದೆ. ಆ ಚೊಕ್ಕತನವೇ ಮುಳುವಾಯಿತು. ಶುಕ್ರವಾರದೊಳಗೆ ಚಿತ್ತು ತೋರಿಸದಿದ್ದರೆ ತರಗತಿಯ ಪುಸ್ತಕಕ್ಕೆ ಸೇರಿಸುವುದಿಲ್ಲವಂತೆ. ಅಮ್ಮನ ಹೆಸರು ಅಚ್ಚಾಗುವುದಿಲ್ಲ.

ಮನೆಗೆ ಬಂದವಳೇ ಹೊಸ ಹಾಳೆ ತೆಗೆದೆ. ಸರಿಯಾಗಿರುವುದನ್ನೇ ಬೇಕೆಂದು ತಪ್ಪು ಬರೆದು, ಗೀಟು ಹೊಡೆಯುತ್ತಾ ಕೂತಿದ್ದೇನೆ. ಮೋಸ ಅಂದರೆ ಇದೇ ಅಲ್ಲವೇ? ನಾಲ್ಕು ಹಾಳೆ ಆಯಿತು.

"ಅಮ್ಮ ನೀರು ಕೇಳಿದಳು, ನನಗೆ ಎಚ್ಚರವಾಗಲಿಲ್ಲ" ಎಂದು ಇರುವ ಕಡೆ, "ಎದ್ದು ಕುಡಿಸಿದೆ" ಎಂದು ತಪ್ಪು ಬರೆದೆ. ಅದರ ಮೇಲೆ ಗೀಟು ಎಳೆಯಲು ಕೈ ಏಳುತ್ತಿಲ್ಲ.