ಝೊಹರಾಳ ತುಣುಕು

ವಿಟ್ಲ
14-8-2004

ಲ್ಯಾಬಿನ ಡಾಕ್ಟರ್ ಸುಗುಣಾ ಅವರಿಗೆ ವಂದನೆಗಳು.

ತೀರಿಹೋದ ನನ್ನ ಹೆಂಡತಿ ಝೊಹರಾಳ ಎದೆಗಡ್ಡೆಯ ತುಣುಕು ಕೆಡದಂತೆ ಮೇಣದಲ್ಲಿ ಹುದುಗಿಸಿ ನಿಮ್ಮಲ್ಲೇ ಇಟ್ಟದ್ದುಂಟೆಂದು ತಿಳಿದು, ಅದನ್ನು ಹಿಂದೆ ಕೊಡಿ ಎಂದು ಹೋದ ತಿಂಗಳು ಖಾರವಾಗಿಯೇ ಬರೆದಿದ್ದೆ. ಮೈಯಿಂದ ಬೇರೆಯಾದದ್ದೂ ಮಣ್ಣಿಗೇ ಸೇರಬೇಕು ಎಂಬುದು ನಮ್ಮ ಕ್ರಮ.

ಆಗ ನಿಮ್ಮ ಲ್ಯಾಬಿನ ಅಶ್ವಿತಾ ಫೋನು ಮಾಡಿ, "ಮಾಸ್ಟ್ರೇ, ಗಡ್ಡೆಯ ಪರೀಕ್ಷೆಗೆ ಬಣ್ಣ ಹಿಡಿಸುವ ಹೊಸ ಆಂಟಿಬಾಡಿ ಬಾಟಲಿ ಬಂದರೆ ನಾವು ಮೊದಲು ಅವರ ತುಣುಕಿಗೇ ಹಾಕಿ ನೋಡುವುದು. ಅದು ಕಂದು ಆದರೆ ಮಾತ್ರ ಬೇರೆಯವರ ರಿಪೋರ್ಟ್ ನಂಬಲಿಕ್ಕೆ ಆಗುವುದು" ಎಂದರು. ಜೀನುಗಳನ್ನು ಕೆಲಸಕ್ಕೆ ಎಬ್ಬಿಸುವ ಒಂದು ಪ್ರೊಟೀನು ಅವಳ ಗಡ್ಡೆಯಲ್ಲಿ ತುಂಬ ಇತ್ತಂತೆ, ಆ ಪ್ರೊಟೀನು ಇದ್ದರೆ ಮಾತ್ರ ತುಣುಕು ಕಂದಾಗುವುದಂತೆ. ಅದು ಇದ್ದವರಿಗೆ ಮಾತ್ರೆ ಕೆಲಸ ಮಾಡುತ್ತದಂತೆ, ಇಲ್ಲದವರಿಗೆ ಇಲ್ಲವಂತೆ. ಝೊಹರಾಳಿಗೆ ಮಾತ್ರೆ ಶುರುವಾಗುವಾಗಲೇ ತಡವಾಗಿತ್ತು.

ಈಗ ಮಗಳು ಜಸ್ನಾಳ ಎದೆಯ ಗಡ್ಡೆ ತೆಗೆದಿದ್ದಾರೆ. ಅದರ ತುಣುಕು ಸೋಮವಾರ ನಿಮ್ಮಲ್ಲಿಗೆ ಬರುತ್ತದೆ. ಆದ್ದರಿಂದ ನನ್ನ ಹಳೆಯ ಪತ್ರವನ್ನು ಹರಿದುಹಾಕಿ. ಝೊಹರಾಳ ಖಬರಿನ ಬದಿಯಲ್ಲಿ ಆ ತುಣುಕನ್ನು ಹೂಳಲೆಂದು ಅಗೆದಿಟ್ಟಿದ್ದ ಸಣ್ಣ ಗುಂಡಿಯನ್ನು ಇವತ್ತು ನಾನೇ ಮುಚ್ಚಿ ಬಂದೆ. ಮಗಳ ತುಣುಕನ್ನು ನೋಡುವಾಗ ಪಕ್ಕದಲ್ಲಿ ತಾಯಿಯದನ್ನು ಇಡಿ, ಬೇರೆ ಯಾರದ್ದೂ ಬೇಡ.

ಫಲಿತಾಂಶ ಹೇಳಲು ಮನೆಗೆ ಫೋನು ಮಾಡಬೇಡಿ, ಜಸ್ನಾಳೇ ಎತ್ತುತ್ತಾಳೆ. ನಾನೇ ಬರುತ್ತೇನೆ. ತಾಯಿಯದು ಕಂದಾಗಿ ಮಗಳದು ಬಣ್ಣ ಹಿಡಿಯದೆ ಉಳಿದರೆ, ಬಾಟಲಿ ಸರಿ ಇರಲಿಲ್ಲ ಎಂದು ನಿಮ್ಮಲ್ಲಿ ಜಗಳವಾಡುವುದಕ್ಕೂ ನನಗೆ ಆಗುವುದಿಲ್ಲ.

ಇತಿ,
ಹಸನಬ್ಬ ಮಾಸ್ಟ್ರು