ಏನೂ ಇಲ್ಲದ ಕಾಯಿಲೆ

ಫೆಬ್ರವರಿ 3, ಸೋಮವಾರ

ಮತ್ತೆ ಆರೋಗ್ಯ ಕೇಂದ್ರ. ತೂಕ, ಬಿಪಿ, ಮೂತ್ರದ ಶೀಶೆ. ಇಪ್ಪತ್ತೈದನೇ ವಾರ. ನರ್ಸ್ ಸುನಿಲ್ದಾ — ನಿನ್ನೆ ಮೊನ್ನೆ ಕೋರ್ಸ್ ಮುಗಿಸಿ ಬಂದವಳು, ಮದುವೆಯೂ ಆಗಿಲ್ಲ — ರಿಪೋರ್ಟ್ ಹಿಡಿದು ಮುಖ ಗಂಭೀರ ಮಾಡಿದಳು.

“ಲಿಬ್ರಾದಾ ಅಕ್ಕ, ಮೂತ್ರದಲ್ಲಿ ಸೋಂಕಿದೆ.”

“ಉರಿ ಇಲ್ಲ, ನೋವಿಲ್ಲ, ಜ್ವರ ಇಲ್ಲ. ಸೋಂಕು ಎಲ್ಲಿಂದ ಬಂತಮ್ಮಾ?”

“ಗೊತ್ತಾಗಲ್ಲ ಅಂತಾನೇ ಟೆಸ್ಟ್ ಮಾಡೋದು. ಬಿಟ್ರೆ ಕಿಡ್ನಿಗೆ ಏರುತ್ತೆ. ದಿನ ತುಂಬೋ ಮುಂಚೆ ಹೆರಿಗೆ ಆಗ್ಬಹುದು.”

ಅಬ್ಬಬ್ಬಾ, ಪಂಡಿತೆ! ಏಳು ದಿನದ ಮಾತ್ರೆ ಕೊಟ್ಟಳು. ಹೋದ ಸಲ ಹೀಗೇ ಯಾವುದೋ ಮಾತ್ರೆ ನುಂಗಿದ ಮೂರನೇ ದಿನ ಗರ್ಭ ಇಳಿದುಹೋಯಿತು. ನನಗೆ ಮೂವತ್ತೇಳು. ಇದೂ ಹೋದರೆ ಇನ್ನೊಂದಿಲ್ಲ. ಮಾತ್ರೆಯನ್ನು ಹೊಲಿಗೆಯ ಗುಂಡಿ ಡಬ್ಬಿಯಲ್ಲಿ ಹಾಕಿಟ್ಟೆ.

ಫೆಬ್ರವರಿ 5

ಅತ್ತೆಗೆ ಹೇಳಿದ್ದೇ ತಪ್ಪು. ಸಂತೆಯಿಂದ ಕುದುರೆಬಾಲದ ಸೊಪ್ಪು ತಂದು, ಒರಳಲ್ಲಿ ಜಜ್ಜಿ, ತೆರೆರೆಗೆಂದು ಮಾಟೆ ಎಲೆಯ ಮೇಲೆ ಸುರಿದು ಕುಡಿಯುವ ಐಸ್‌ನೀರಿಗೆ ಹಾಕಿದರು.

“ಕುಡಿಯೇ, ಒಳಗಿನ ಕೊಳೆಯೆಲ್ಲಾ ತೊಳ್ಕೊಂಡು ಹೋಗುತ್ತೆ. ನಾನು ಎಂಟು ಹೆತ್ತಿಲ್ವಾ?”

ಎಂಟು ಹೆತ್ತು ಒಂದಕ್ಕೂ ಬುದ್ಧಿ ಕಲಿಸಲಿಲ್ಲ — ನನ್ನ ಗಂಡನೇ ಸಾಕ್ಷಿ. ಆದರೂ ಕುಡಿದೆ. ಈ ಸೆಖೆಗೆ ತಣ್ಣಗೆ ಏನು ಕೊಟ್ಟರೂ ಕುಡಿಯುತ್ತೇನೆ.

ಫೆಬ್ರವರಿ 17

ಮರುಪರೀಕ್ಷೆ. “ಎದ್ದ ತಕ್ಷಣದ್ದು ಹಿಡ್ಕೊಂಡು ಬನ್ನಿ, ಅದಕ್ಕೆ ಮುಂಚೆ ಏನೂ ಕುಡೀಬೇಡಿ” ಅಂದಿದ್ದಳು ಸುನಿಲ್ದಾ. ಈ ಊರಲ್ಲಿ ಬೆಳಗಿನ ಮಾಟೆ ಕಷಾಯ ಬಿಟ್ಟು ಯಾರಾದರೂ ಕಣ್ಣು ಬಿಡುತ್ತಾರೆಯೇ? ಐದಕ್ಕೆ ಎದ್ದು ಅತ್ತೆಯ ಜೊತೆ ಎರಡು ಕೆಟಲ್ ಬಿಸಿ ಮಾಟೆ, ಮೇಲೆ ಒಂದು ಜಗ್ ಸೊಪ್ಪಿನ ನೀರು. ನಾಲ್ಕು ಸಲ ಹೋಗಿಬಂದೆ. ಐದನೆಯದು ಶೀಶೆಗೆ. ಬಾವಿ ನೀರಿನ ಹಾಗಿತ್ತು.

ಸುನಿಲ್ದಾ ಪರೀಕ್ಷೆಯ ಕಾಗದದ ಪಟ್ಟಿ ಅದ್ದಿದಳು. ಬಣ್ಣ ಬದಲಾಗಲಿಲ್ಲ.

“ಎದ್ದ ತಕ್ಷಣದ್ದೇ ತಾನೇ ಅಕ್ಕ?”

“ಮತ್ತೆ? ಪಕ್ಕದ ಮನೆಯವಳದ್ದು ತರ್ತೀನಾ?”

“ಮಾತ್ರೆ ಏಳು ದಿನಾನೂ?”

“ಒಂದೂ ಬಿಟ್ಟಿಲ್ಲ ತಾಯಿ.”

ಎಷ್ಟು ಖುಷಿ ಅವಳಿಗೆ! ತನ್ನ ಔಷಧಿಯೇ ಗೆದ್ದಿತಂತೆ. ದಾರಿಯುದ್ದಕ್ಕೂ ಒಬ್ಬಳೇ ನಕ್ಕೆ.

ಮಾರ್ಚ್ 2

ಬಲಗಡೆ ಬೆನ್ನು ನೋವು. ನಲವತ್ತು ಶಾಲಾ ಯೂನಿಫಾರ್ಮ್ ಹೊಲಿದರೆ ನೋಯದೆ ಇನ್ನೇನು.

ಮಾರ್ಚ್ 4

ನಡುಕ. ಮೂರು ಕಂಬಳಿ. ಅತ್ತೆ ಹೇಳುತ್ತಾರೆ, ತಂಪು ಗಾಳಿ ಹೊಡೆದಿದೆಯಂತೆ. ಈ ಬೆಂಕಿ ಬಿಸಿಲಲ್ಲಿ ಎಲ್ಲಿಯ ತಂಪು ಗಾಳಿ... ಗಂಡ ವಿಲ್ಫ್ರಿದೊ ಆ ನರ್ಸ್ ಹುಡುಗಿಯನ್ನೇ ಕರೆತರಲು ಹೋಗಿದ್ದಾನೆ. ಅವನಿಗೆ ಇನ್ಯಾರೂ ಸಿಗಲಿಲ್ಲ.

ಮಾರ್ಚ್ 5, ಮಧ್ಯಾಹ್ನ 3, ಆಸ್ಪತ್ರೆ

ಸೋಂಕು ಕಿಡ್ನಿಗೆ ಏರಿದೆ. ಹೊಟ್ಟೆ ಬಿಗಿಯುತ್ತಿದೆ. ಇಪ್ಪತ್ತೊಂಬತ್ತು ವಾರ. ಆಂಬುಲೆನ್ಸಿನಲ್ಲಿ ಜೊತೆಗೆ ಬಂದ ಸುನಿಲ್ದಾ ಇನ್ನೂ ಮನೆಗೆ ಹೋಗಿಲ್ಲ. ಡಾಕ್ಟರ ಮುಂದೆ ತಲೆ ತಗ್ಗಿಸಿ ನಿಂತಿದ್ದಳು.

“ಮಾತ್ರೆ ಪೂರ್ತಿ ತಗೊಂಡಿದ್ದಾರೆ ಸಾರ್. ಟೆಸ್ಟೂ ಚೆನ್ನಾಗಿತ್ತು. ನಾನೇ ಎಲ್ಲೋ ತಪ್ಪಿದೀನಿ.”

“ಹಾಗಾದ್ರೆ ಇದು ಆ ಔಷಧಿಗೆ ಬಗ್ಗಲ್ಲ. ಇಲ್ಲಿರೋ ಇಂಜೆಕ್ಷನ್ನೂ ಅದೇ ಜಾತೀದು. ಬೇರೇದು ರಾಜಧಾನಿ ಅಸುನ್ಸಿಯೋನ್‌ನಿಂದ ಬರ್ಬೇಕು. ಐದು ಗಂಟೆ ಆಗುತ್ತೆ.”

ನಾನು ಗೋಡೆಯ ಕಡೆ ತಿರುಗಿಕೊಂಡೆ.

3.40

ಹೇಳಿಬಿಟ್ಟೆ. ಮಾತ್ರೆ ಒಂದೂ ನುಂಗಿಲ್ಲ. ಹೊಟ್ಟೆ ತುಂಬ ನೀರು ಕುಡಿದು ತುಂಬಿಸಿದ ಶೀಶೆ ಅದು, ಅದಕ್ಕೇ ಏನೂ ಕಾಣಲಿಲ್ಲ. ಬೈಯಲಿ ಎಂದು ಕಾದೆ. ನಾನಾಗಿದ್ದರೆ ಮುಖಕ್ಕೆ ಉಗಿಯುತ್ತಿದ್ದೆ.

“ಈಗ್ಲಾದ್ರೂ ಹೇಳಿದ್ರಲ್ಲ ಅಕ್ಕ” ಅಂದವಳೇ ಡಾಕ್ಟರ ಹತ್ತಿರ ಓಡಿದಳು.

ಇಲ್ಲಿಯ ಇಂಜೆಕ್ಷನ್ನೇ ಹಾಕಿದರು. ಮೂವತ್ತೇಳು ವರ್ಷದ ಕತ್ತೆ ನಾನು. ಬುದ್ಧಿವಂತೆಯಂತೆ. ಥೂ.

4.15

ಬಿಗಿತ ಹತ್ತು ನಿಮಿಷಕ್ಕೊಂದು ಬರುತ್ತಿತ್ತು. ಈಗ ಆರು ನಿಮಿಷಕ್ಕೊಂದು. ಸುನಿಲ್ದಾ ಹೊಟ್ಟೆಯ ಮೇಲೆ ಕೊಳವೆ ಇಟ್ಟು ಮಗುವಿನ ಎದೆಬಡಿತಕ್ಕೆ ಕಿವಿಗೊಟ್ಟಿದ್ದಾಳೆ. ಜಾಗ ಬದಲಿಸಿದಳು. ಮತ್ತೆ ಬದಲಿಸಿದಳು. ಕೇಳಿಸ್ತಿದೆಯೇನೇ ಹುಡುಗೀ, ಹೇಳೇ —