ಮುಷ್ಕರದ ದಿನ ಅಮ್ಮ ಎಲ್ಲಿದ್ದಳು

ಅಪ್ಪಾ,

ನಿಮ್ಮ ಆತ್ಮಕಥೆ ಹುಡುಕಿಕೊಂಡು ಇವತ್ತು ಕಾಲೇಜಿನ ಅಧ್ಯಾಪಕಿಯೊಬ್ಬರು ಮನೆಗೆ ಬಂದಿದ್ದರು. ನಮ್ಮ ಊರಿನ ಬಟ್ಟೆ ಗಿರಣಿಯ ಚರಿತ್ರೆ ಬರೆಯುತ್ತಿದ್ದಾರೆ. ಗಿರಣಿ ಮುಚ್ಚಿದಾಗ ಕಡತಗಳನ್ನೆಲ್ಲ ರದ್ದಿಗೆ ಹಾಕಿದರಂತೆ. ಮುಷ್ಕರಕ್ಕೆ ಉಳಿದಿರುವ ಆಧಾರ ನಿಮ್ಮ ಪುಸ್ತಕವೊಂದೇ ಎಂದರು. ನೀವು ಬದುಕಿದ್ದು ಇದನ್ನು ಕೇಳಿಸಿಕೊಂಡಿದ್ದರೆ ನಿಮ್ಮನ್ನು ಹಿಡಿಯುವವರೇ ಇರುತ್ತಿರಲಿಲ್ಲ.

ಗೇಟಿನ ಮುಂದೆ ನೀವು ಮಾಡಿದ ಭಾಷಣ, ಲಾಠಿ ಏಟು, ಬಂಧನ, ಎಲ್ಲವನ್ನೂ ಓದಿ ಹೇಳಿದರು. ಆಮೇಲೆ ಅಮ್ಮನ ಕಡೆ ತಿರುಗಿ, "ಅವತ್ತು ನೀವೆಲ್ಲಿದ್ರಿ ಅಮ್ಮಾ?" ಎಂದು ಕೇಳಿದರು.

"ನಾನಾ? ಗಿರಣಿ ಒಳಗೇ ಇದ್ದೆ. ಮಾಲೀಕರು ಹೊರಗಿಂದ ಬೀಗ ಹಾಕ್ಸಿಬಿಟ್ರು. ನಾವು ಹೆಂಗಸರೆಲ್ಲ ಮಷೀನು ನಿಲ್ಸಿ ಅಲ್ಲೇ ಕೂತ್ವಿ. ನನ್ನ ಪಕ್ಕದವಳಿಗೆ ಅಲ್ಲೇ ಹೆರಿಗೆ ಆಯ್ತು. ಮಗು ಉಳೀಲಿಲ್ಲ."

ನಿಮ್ಮ ಪುಸ್ತಕದಲ್ಲಿ ಅಮ್ಮನಿಗೆ ಸಿಕ್ಕಿರುವುದು ಒಂದೇ ಸಾಲು: 'ಈ ಹೋರಾಟಕ್ಕೆ ನನ್ನ ಹೆಂಡತಿಯ ಸಹಕಾರವೂ ಇತ್ತು.'

"ಇದನ್ನೆಲ್ಲ ನಿಮ್ಮ ಯಜಮಾನ್ರಿಗೆ ಹೇಳ್ಲಿಲ್ವಾ?" ಎಂದರು ಅಧ್ಯಾಪಕಿ.

"ಬರೀತಾ ಕೂತಾಗ ಅವರು ಕೇಳ್ತಿದ್ದದ್ದು ಕಾಫಿ ಒಂದೇ. ಇದನ್ನೂ ಕೇಳಿದ್ರೆ ಹೇಳ್ತಿದ್ದೆ," ಎಂದು ಅಮ್ಮ ನಕ್ಕಳು.

ನಾನು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ನಿಮ್ಮ ಹಸ್ತಪ್ರತಿಯನ್ನು ಟೈಪು ಮಾಡಿಕೊಟ್ಟವಳು ನಾನೇ ಅಲ್ಲವೇ.

ಗಿರಣಿಯಲ್ಲಿ ಹೆರಿಗೆಯಾದ ಆ ಹೆಂಗಸಿನ ಹೆಸರೇನು ಎಂದು ಅಧ್ಯಾಪಕಿ ಕೇಳಿದಾಗ ಅಮ್ಮ ತಡವರಿಸಿದಳು. ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ನೀವು ಬರೆಯುತ್ತಿದ್ದ ಕಾಲದಲ್ಲಾದರೆ ನೆನಪಿರುತ್ತಿತ್ತೇನೋ. ಅವರು ಹೋದ ಮೇಲೂ ಅಮ್ಮ ಪಕ್ಕದ ಕೋಣೆಯಲ್ಲಿ ಒಂದೊಂದೇ ಹೆಸರು ಹೇಳಿ ನೋಡುತ್ತಿದ್ದಾಳೆ. ಯಾವುದೂ ಅವಳದಲ್ಲವಂತೆ.